ಹದಿನಾಲ್ಕನೇ ಸಾಲಿನ ವಲಿ

ನಮೂನೆಯಲ್ಲಿ ಒಟ್ಟು ಹದಿನೇಳು ಗೋರಿಗಳಿದ್ದವು. ಹದಿನಾರನ್ನು ಎರಡು ದಿನದಲ್ಲಿ ತುಂಬಿ ಮುಗಿಸಿದ್ದೆ. ಹದಿನಾಲ್ಕನೆಯ ಸಾಲು ಮಾತ್ರ ಒಂದು ವಾರದಿಂದ ಖಾಲಿ ಉಳಿದಿತ್ತು.

ನಾನು ಕೈರೋದ ಉತ್ತರಕ್ಕಿರುವ ಮಿನ್ಯತ್ ಹಸ್ಸೂನಾ ಎಂಬ ಊರಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ ಇತ್ತು. ನಮ್ಮ ಕಾಲುವೆಯ ದಂಡೆಗೆ ಕಲ್ಲು ಹಾಸಿ, ಪಕ್ಕದ ಮಣ್ಣುರಸ್ತೆಯನ್ನು ಅಗಲ ಮಾಡುವ ಕೆಲಸ ಆ ವಸಂತದಲ್ಲಿ ಶುರುವಾಗಬೇಕಿತ್ತು. ಕೆಲಸದ ಸಲಹೆಗಾರರು ಹೊರದೇಶದವರು. ದಂಡೆಯ ಮೇಲಿರುವ ಗೋರಿಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ತುಂಬಿ ಕಳಿಸಿ ಎಂದು ಅವರು ಕೇಳಿದ್ದರು. ಇಂಗ್ಲಿಷ್ ನಮ್ಮ ಎಂಜಿನಿಯರ್ ಹಾಝಿಮ್‌ಗೂ ಬರುತ್ತಿತ್ತು, ನನಗಿಂತ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವರಿಗೆ ಕೂತು ಬರೆಯುವ ತಾಳ್ಮೆ ಇರಲಿಲ್ಲ. ನಾನು ನಲವತ್ತು ದಾಟುವ ಹೊತ್ತಿನಲ್ಲಿ ಹತ್ತಿರದ ತಾಂತಾ ಪಟ್ಟಣದ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಸಂಜೆ ಪಾಠಕ್ಕೆ ಹೋಗಿ ಕಲಿತವನು. ಅಷ್ಟು ತಡವಾಗಿ ಕಲಿತವರಿಗೆ ಅಕ್ಷರದ ಮೇಲೆ ಭಯ ಹೆಚ್ಚು. ಹಾಗಾಗಿ ಇಂಥ ಕೆಲಸವೆಲ್ಲ ನನ್ನ ಮೇಜಿಗೇ ಬರುತ್ತಿತ್ತು.

ನಮೂನೆ ಸರಳವಾಗಿತ್ತು. ಹೆಸರು, ಜಾಗ, ಹೂಳಿದ ವರ್ಷ. ಆಮೇಲೆ ‘ಸೇಂಟ್: ಹೌದು, ಅಲ್ಲ’ ಎಂಬ ಖಾನೆ. ಅದರ ಪಕ್ಕದಲ್ಲಿ ‘ಊರವರು ಬಳಸುವ ಪದ’, ಅದರ ಪಕ್ಕದಲ್ಲಿ ‘ಆಧಾರ’. ಕೊನೆಗೆ, ನನ್ನ ತಿಳಿವಳಿಕೆಯ ಮಟ್ಟಿಗೆ ಇದು ಸತ್ಯ ಎಂದು ಬರೆದವನ ಸಹಿ. ಹೌದು ಎಂದಾದರೆ ರಸ್ತೆ ಮೂರು ಮೀಟರ್ ಬಾಗಿ ಗೋರಿಯನ್ನು ಬಿಟ್ಟು ಹೋಗುತ್ತದೆ. ಅಲ್ಲ ಎಂದಾದರೆ ಮೂಳೆಗಳನ್ನು ಗೌರವದಿಂದ ಊರಿನ ಕಬರಸ್ತಾನಕ್ಕೆ ಸಾಗಿಸುತ್ತಾರೆ.

“ಉಸ್ತಾದ್ ರಿಫಾತ್, ಆ ಪಟ್ಟಿ ಇನ್ನೂ ಮರಿ ಹಾಕ್ತಾ ಇದೆಯಾ?” ಎಂದು ಹಾಝಿಮ್ ಚಹಾದ ಲೋಟ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದರು.

“ಒಂದು ಸಾಲು ಉಳಿದಿದೆ ಸಾಹೇಬರೇ.”

“ಯಾವುದು? ಇಸ್ತ್ರಿ ಬಯ್ಯೂಮೀದಾ? ಅದರಲ್ಲಿ ಯೋಚನೆ ಮಾಡೋಕೆ ಏನಿದೆ? ಇಡೀ ಊರು ಅಲ್ಲಿಗೆ ಹೋಗಿ ಅಳುತ್ತೆ. ನಮ್ಮತ್ತೇನೂ ಹೋಗ್ತಾರೆ. ಹೌದು ಅಂತ ಒಂದು ಗೀಟು ಎಳೀರಿ.”

“ಆಧಾರ ಅಂತ ಒಂದು ಖಾನೆ ಇದೆ.”

“ನಿಮಗಿಂತ ಆಧಾರ ಬೇಕಾ? ಹೆಣ ಹೊತ್ತ ನಾಲ್ವರಲ್ಲಿ ಉಳಿದಿರೋರು ನೀವೊಬ್ಬರೇ ತಾನೇ? ಭಾನುವಾರ ಊರ ಹಿರಿಯರನ್ನ ಕರೀತೀನಿ, ಅವರದ್ದೂ ಸಹಿ ಬೇಕು. ಅಷ್ಟರೊಳಗೆ ಮುಗಿಸಿ.”

ಅವರು ಹೋದರು. ನಾನು ಪೆನ್ನು ಕೈಯಲ್ಲಿ ಹಿಡಿದು ಹದಿನಾಲ್ಕನೇ ಸಾಲನ್ನು ನೋಡುತ್ತ ಕೂತೆ. ಹೌದು, ಉಳಿದವನು ನಾನೊಬ್ಬನೇ. ಇಬ್ಬರು ತೀರಿಹೋದರು, ಒಬ್ಬ ಲಿಬಿಯಾಕ್ಕೆ ಹೋದವನು ವಾಪಸ್ಸು ಬರಲಿಲ್ಲ. ನನ್ನ ಕಷ್ಟವೇ ಅದು.

ಬಯ್ಯೂಮಿ ನಮ್ಮ ಬೀದಿಯ ಇಸ್ತ್ರಿಯವನು. ಕೈಯಿಸ್ತ್ರಿ ಅಲ್ಲ, ಕಾಲಿನಿಂದ ತಳ್ಳುವ ಹಳೆಯ ಕಾಲದ ದೊಡ್ಡ ಕಬ್ಬಿಣದ ಇಸ್ತ್ರಿ. ಬಾಯಿ ತುಂಬ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಮಂಜಿನ ಹಾಗೆ ಉಗುಳಿ, ಒಂಟಿ ಕಾಲಿನ ಮೇಲೆ ನಿಂತು ದಿನವಿಡೀ ದುಡಿಯುತ್ತಿದ್ದ. ಬಾಯಲ್ಲಿ ಸದಾ ನೀರು ಇರುತ್ತಿದ್ದುದರಿಂದ ಮಾತು ಕಡಿಮೆ. ಈಗ ಜನ ಅದನ್ನೇ ಮೌನವ್ರತ ಎನ್ನುತ್ತಾರೆ. ನಾನು ಪಾಠಕ್ಕೆ ಹೋಗುವ ದಿನ ನನ್ನ ಅಂಗಿಯನ್ನು ಮೊದಲು ಎತ್ತಿಕೊಳ್ಳುತ್ತಿದ್ದ. ನೀರು ನುಂಗಿ, “ಓದೋಕೆ ಹೋಗೋನ ಕಾಲರ್ ನೆಟ್ಟಗಿರಬೇಕು” ಎನ್ನುತ್ತಿದ್ದ. ಆ ವಯಸ್ಸಿನಲ್ಲಿ ನಾನು ಓದುವುದನ್ನು ನೋಡಿ ನಗದೇ ಇದ್ದವನು ಅವನೊಬ್ಬನೇ.

ಅವನು ಸತ್ತದ್ದು ಆಗಸ್ಟ್ ತಿಂಗಳಲ್ಲಿ. ಹಿಂದಿನ ದಿನ ಸಂಜೆ ನಾನು ತಾಂತಾದಿಂದ ಬರುವಾಗ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯಲು ಹೋಗಿ ಬಿದ್ದಿದ್ದೆ. ಬಲಗಾಲಿನ ಮೊಣಕಾಲು ಊದಿಕೊಂಡಿತ್ತು. ಬೆಳಿಗ್ಗೆ ಹೆಣದ ಮಂಚಕ್ಕೆ ಹೆಗಲು ಕೊಡಲು ಕರೆದಾಗ ಆಗುವುದಿಲ್ಲ ಎನ್ನಲು ನಾಚಿಕೆಯಾಯಿತು. ಅದಕ್ಕಿಂತ, ಕರೆದರಲ್ಲ ಎಂಬ ಹೆಮ್ಮೆಯೇ ಜಾಸ್ತಿ ಇತ್ತು. ಮುಂದಿನ ಎಡಗಡೆ ನಿಂತೆ. ಮಸೀದಿಯಿಂದ ಕಾಲುವೆಯ ದಾರಿ ಹಿಡಿದು, ಹಿಪ್ಪುನೇರಳೆ ಮರದ ತಿರುವಿಗೆ ಬಂದಾಗ ಮೊಣಕಾಲು ಕಳಚಿದ ಹಾಗಾಯಿತು. ನಿಂತೆ. ಉಳಿದ ಮೂವರೂ ನಿಲ್ಲಲೇಬೇಕಾಯಿತು.

ನಮ್ಮಲ್ಲಿ ಹೆಣದ ಮಂಚ ದಾರಿಯಲ್ಲಿ ನಿಂತರೆ ಯಾರೂ ಹೊತ್ತವರ ಮುಖ ನೋಡುವುದಿಲ್ಲ. ಒಳ್ಳೆಯವರ ಹೆಣ ತನಗೆ ಬೇಕಾದ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ, ಭಾರವಾಗಿ ಕೂತುಬಿಡುತ್ತದೆ, ಇಲ್ಲವೇ ಹೊತ್ತವರನ್ನೇ ಎಳೆದುಕೊಂಡು ಓಡುತ್ತದೆ ಎಂಬುದು ಅಜ್ಜಂದಿರ ಕಾಲದಿಂದ ಬಂದ ನಂಬಿಕೆ. ಹಿಂದಿನಿಂದ ಯಾರೋ “ಅಲ್ಲಾಹು ಅಕ್ಬರ್! ಮುಂದೆ ಹೋಗಲ್ಲ ಅಂತಿದಾನೆ!” ಎಂದು ಕೂಗಿದರು. ನಾನು ಹೆಜ್ಜೆ ಎತ್ತಲು ನೋಡಿದೆ. ಆಗಲಿಲ್ಲ. ಮೂರು ಸಲ ನೋಡಿದೆ. ಮೂರನೇ ಸಲ ನೋವಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಸುತ್ತಲಿನ ಹೆಂಗಸರೆಲ್ಲ ಅತ್ತರು. ಒಂದು ಮಾತು ಹೇಳಿದ್ದರೆ ಸಾಕಿತ್ತು: ನನ್ನ ಕಾಲು ಸರಿಯಿಲ್ಲ, ಬೇರೆಯವರು ಹೆಗಲು ಕೊಡಿ. ಆ ಮಾತು ಬಾಯಿಗೆ ಬರುವಷ್ಟರಲ್ಲಿ ಗುದ್ದಲಿ ತರಲು ಇಬ್ಬರು ಓಡಿಯಾಗಿತ್ತು.

ಅಲ್ಲೇ ಹೂಳಿದರು. ವರ್ಷದೊಳಗೆ ಹಸಿರು ಗುಮ್ಮಟ ಎದ್ದಿತು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ವರ್ಷ ಗೋರಿಯ ಉತ್ಸವದ ದಿನ ನನ್ನನ್ನು ಕೂರಿಸಿ ಆ ಕಥೆ ಹೇಳಿಸುತ್ತಾರೆ. ನಾನು ಸುಳ್ಳು ಹೇಳಿಲ್ಲ. “ಮಂಚ ಮುಂದೆ ಹೋಗಲಿಲ್ಲ” ಎಂದಷ್ಟೇ ಹೇಳುತ್ತೇನೆ. ಆದರೆ ಅದು ಸುಳ್ಳಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಆ ವಾರ ಮನೆಯಲ್ಲಿ ಹಳೆಯ ನಿಘಂಟನ್ನು ತೆಗೆದೆ. ತಾಂತಾದ ಪಾದಚಾರಿ ದಾರಿಯಲ್ಲಿ ಕೊಂಡದ್ದು, ಬೆನ್ನು ಕಿತ್ತುಹೋಗಿತ್ತು. ‘ಸೇಂಟ್’ ಪದಕ್ಕೆ ಮೂರು ಅರ್ಥ ಕೊಟ್ಟಿದ್ದರು. ಪವಿತ್ರ ಮನುಷ್ಯ ಎಂಬುದು ಮೊದಲನೆಯದು. ಎರಡನೆಯದು, ಸತ್ತ ಮೇಲೆ ವಿಚಾರಣೆ ನಡೆಸಿ, ಸಾಕ್ಷಿಗಳನ್ನು ಕೇಳಿ, ಚರ್ಚು ಹಾಗೆಂದು ಘೋಷಿಸಿದವನು. ನಮೂನೆ ಬರೆದವರ ತಲೆಯಲ್ಲಿ ಇದೇ ಅರ್ಥ ಇದ್ದಿರಬೇಕು, ಇಲ್ಲವಾದರೆ ಆಧಾರ ಏಕೆ ಕೇಳುತ್ತಾರೆ? ನಮ್ಮಲ್ಲಿ ವಿಚಾರಣೆ ಎಲ್ಲಿಯದು? ಹೊತ್ತವರ ಹೆಗಲೇ ವಿಚಾರಣೆ. ಮೂರನೆಯದು ಆಡುಮಾತಿನ ಅರ್ಥವಂತೆ: ಗೊಣಗದೆ ಎಲ್ಲವನ್ನೂ ಸಹಿಸಿಕೊಂಡು ಹೋಗುವವನು ಅಥವಾ ಹೋಗುವವಳು. ಅದನ್ನು ಓದಿದಾಗ ನನಗೆ ನೆನಪಾದದ್ದು ಬಯ್ಯೂಮಿ ಅಲ್ಲ, ಅವನ ಹೆಂಡತಿ ಇನ್ಸಾಫ್. ಗೊಣಗದೆ ಎಂಬ ಮಾತು ಮಾತ್ರ ಆಕೆಗೆ ಒಪ್ಪುವುದಿಲ್ಲ.

ಒಂದು ಕಾಗದದ ಮೇಲೆ ನಮ್ಮ ಪದಗಳನ್ನು ಬರೆಯುತ್ತ ಹೋದೆ. ವಲಿ ಎಂದರೆ ದೇವರಿಗೆ ಹತ್ತಿರದವನು, ಸ್ನೇಹಿತ. ಮದುವೆಯಲ್ಲಿ ಹುಡುಗಿಯ ಪರವಾಗಿ ಮಾತು ಕೊಡುವ ಹಿರಿಯನಿಗೂ ಅದೇ ಪದ. ಸಾಲಿಹ್ ಎಂದರೆ ಒಳ್ಳೆಯವನು, ಅಷ್ಟೇ. ಸೀದಿ ಎಂದರೆ ನಮ್ಮೊಡೆಯ. ಮಜ್ದೂಬ್ ಎಂದರೆ ದೇವರ ಸೆಳೆತಕ್ಕೆ ಸಿಕ್ಕಿ ಬುದ್ಧಿ ಈಚೆಗೆ ಬಾರದವನು. ಶೇಖ್ ಎಂದು ಈಗ ಗಡ್ಡ ಬಿಟ್ಟ ಯಾರನ್ನು ಬೇಕಾದರೂ ಕರೆಯುತ್ತಾರೆ. ಉಳಿದ ಹದಿನಾರು ಗೋರಿಗಳಿಗೆ ಈ ಪದಗಳನ್ನು ಯಾವ ಅಳುಕೂ ಇಲ್ಲದೆ ಹಂಚಿದ್ದೆ. ಅವರನ್ನು ನಾನು ಕಂಡಿರಲಿಲ್ಲ, ಹೊತ್ತೂ ಇರಲಿಲ್ಲ. ಬಯ್ಯೂಮಿಗೆ ಸಾಲಿಹ್ ಎಂದು ಬರೆಯಬಹುದಿತ್ತು. ಆದರೆ ಒಳ್ಳೆಯ ಮನುಷ್ಯನಿಗಾಗಿ ರಸ್ತೆ ಬಾಗುವುದಿಲ್ಲ. ಅದಕ್ಕೆ ವಲಿಯೇ ಬೇಕು.

ಹೆಂಡತಿ ರತೀಬಾ ಕಾಗದವನ್ನು ನೋಡಿ, “ಪರೀಕ್ಷೆ ಕಟ್ಟಿದೀರಾ ಮತ್ತೆ?” ಎಂದಳು.

ಗುರುವಾರ ಮಧ್ಯಾಹ್ನ ಕಚೇರಿ ಮುಗಿಸಿ ಹಿಪ್ಪುನೇರಳೆ ತಿರುವಿಗೆ ಹೋದೆ. ಅಲ್ಲ ಎಂದು ಬರೆಯಬೇಕೆಂದು ಆ ಹೊತ್ತಿಗೆ ಅರ್ಧ ಮನಸ್ಸು ಮಾಡಿದ್ದೆ. ಆದರೆ ಬಯ್ಯೂಮಿಯ ಮೂಳೆಗಳನ್ನು ಎತ್ತಿಸುವ ಮೊದಲು ಇನ್ಸಾಫ್‌ಗೆ ಹೇಳಬೇಕಲ್ಲ. ಹತ್ತೊಂಬತ್ತು ವರ್ಷ ಆ ಗೋರಿಯ ಪಕ್ಕದ ಕೋಣೆಯಲ್ಲೇ ಬಾಳಿದ ಹೆಂಗಸು. ಗುಮ್ಮಟ ಹೋದರೆ ಆಕೆಗೆ ಏನು ಉಳಿಯುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಗುರುವಾರ ಹರಕೆಯ ದಿನ. ಗುಮ್ಮಟದ ಒಳಗೆ ಐದಾರು ಹೆಂಗಸರು ಗೋರಿಯ ಚಾದರದ ಅಂಚು ಹಿಡಿದು ಗುಣುಗುತ್ತಿದ್ದರು. ಹೊರಗೆ ಇನ್ಸಾಫ್ ದೊಡ್ಡ ಹಂಡೆಯಲ್ಲಿ ಚನ್ನಂಗಿ ಬೇಳೆ ಬೇಯಿಸುತ್ತಿದ್ದರು. ಬಂದವರಿಗೆಲ್ಲ ಒಂದು ಬಟ್ಟಲು ಬೇಳೆ, ಒಂದು ರೊಟ್ಟಿ. ಅರವತ್ತೆಂಟು ವರ್ಷ, ಎರಡೂ ಕೈಯಲ್ಲಿ ಸೌಟು ತಿರುಗಿಸುತ್ತಿದ್ದರು.

“ಉಮ್ಮು ನಜ್ಲಾ, ಸಲಾಮ್” ಎಂದೆ. ಉಮ್ಮು ಎಂದರೆ ತಾಯಿ. ನಜ್ಲಾ ಅವರ ಒಬ್ಬಳೇ ಮಗಳು, ಪೋರ್ಟ್ ಸಯೀದ್ ಬಂದರಿನಲ್ಲಿದ್ದಾಳೆ.

“ಬಾ ರಿಫಾತ್. ಬೇಳೆ ಬೇಕಾದ್ರೆ ಕಾಯ್ತಾ ಇರು, ಮಾತು ಬೇಕಾದ್ರೆ ಈರುಳ್ಳಿ ಹೆಚ್ಚು.”

ನಾನು ಮಣೆಯ ಮೇಲೆ ಕೂತು ಈರುಳ್ಳಿ ಎತ್ತಿಕೊಂಡೆ. ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, “ನಜ್ಲಾ ಹೇಗಿದಾಳೆ?” ಎಂದೆ.

“ಮೂರನೇ ಬಸುರಿ. ಬಾರಮ್ಮಾ ಬಾರಮ್ಮಾ ಅಂತ ಫೋನಲ್ಲೇ ಅಳ್ತಾಳೆ. ಒಂದು ಕೋಣೆ ಖಾಲಿ ಮಾಡಿಟ್ಟಿದಾಳಂತೆ, ಕಿಟಕಿಯಿಂದ ಹಡಗು ಕಾಣುತ್ತಂತೆ. ಹಡಗು ನೋಡಿ ನಾನೇನು ಮಾಡ್ಲಿ. ಆದ್ರೆ ಮಕ್ಕಳಿದಾವಲ್ಲ.”

“ಹೋಗಬಹುದಲ್ಲ.”

“ಹೋಗೋದು! ಮೊದಲ ಎರಡು ಬಾಣಂತನಕ್ಕೇ ಬಿಡಲಿಲ್ಲ ನಿಮ್ಮ ಶೇಖ್ ಶೌಕಿ. ಕಬ್ಬಿನ ಹಾಲು ಮಾರೋನು, ಈ ಗುಮ್ಮಟದ ಕಮಿಟಿ ಅಧ್ಯಕ್ಷ ಬೇರೆ. ‘ವಲಿಯ ಹೆಂಡತಿ ವಲಿಯನ್ನ ಬಿಟ್ಟು ಹೋದ್ರೆ ಜನ ಏನು ತಿಳ್ಕೋಬೇಕು ಉಮ್ಮು ನಜ್ಲಾ, ಇಲ್ಲಿ ದೀಪ ಹಚ್ಚೋರು ಯಾರು’ ಅಂತಾನೆ. ಜನ ಏನು ತಿಳ್ಕೊಂಡ್ರೆ ನನಗೇನಪ್ಪಾ? ಆದ್ರೆ ಈ ಹೆಣ್ಣುಮಕ್ಕಳು ಕಣ್ಣು ಹೀಗೆ ಮಾಡ್ಕೊಂಡು ಬರ್ತಾರಲ್ಲ, ಬಾಗಿಲು ಹಾಕಿ ಹೋಗೋಕೆ ಕಾಲೇ ಬರಲ್ಲ.” ಅವರು ಸೌಟನ್ನು ಹಂಡೆಯ ಅಂಚಿಗೆ ತಟ್ಟಿದರು. “ಒಂದು ಮಾತು ಹೇಳ್ಲಾ? ಸುಸ್ತಾಗಿದೆ ಕಣೋ. ಹತ್ತೊಂಬತ್ತು ವರ್ಷದಿಂದ ನನ್ನ ಗಂಡನ ಮೇಲೆ ಒಂದು ದೂರು ಹೇಳೋ ಹಾಗಿಲ್ಲ. ಬೇರೆ ವಿಧವೆಯರೆಲ್ಲ ಸೇರಿದಾಗ, ನಮ್ಮನೆಯೋನು ಗೊರಕೆ ಹೊಡೀತಿದ್ದ, ಜಿಪುಣ ಆಗಿದ್ದ ಅಂತ ಬೈದು ನಕ್ಕು ಹಗುರ ಆಗ್ತಾರೆ. ನಾನು ಬಾಯಿ ಬಿಟ್ರೆ ತೌಬಾ ತೌಬಾ ಅಂತಾರೆ. ಅವನು ಸತ್ತಾಗ ನನಗೆ ಅಳೋಕೂ ಬಿಡಲಿಲ್ಲ, ಗೊತ್ತಾ? ‘ಅಳಬೇಡ, ಖುಷಿಪಡು’ ಅಂದ್ರು.”

ಈರುಳ್ಳಿಯ ನೆಪದಲ್ಲಿ ನಾನು ಕಣ್ಣೊರೆಸಿಕೊಂಡೆ. ಆಮೇಲೆ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದೆ. ಬಸ್ಸು, ಊದಿದ ಮೊಣಕಾಲು, ಮೂರು ಸಲ ಎತ್ತಲಾಗದ ಹೆಜ್ಜೆ. ಹೇಳಿ ಮುಗಿಸಿದಾಗ ಸೌಟಿನ ಸದ್ದು ನಿಂತಿತ್ತು.

“ನಿನ್ನ ಮೊಣಕಾಲು” ಎಂದರು ಇನ್ಸಾಫ್.

“ಹೌದು.”

“ಬಯ್ಯೂಮಿ ಏನೂ ಮಾಡಲಿಲ್ಲ.”

“ಪಾಪ, ಅವನು ಸುಮ್ಮನೆ ಮಲಗಿದ್ದ.”

ಆಕೆ ಹಂಡೆಯಿಂದ ಸೌಟನ್ನು ಮೇಲೆತ್ತಿದರು. ಹೊಡೆಯುತ್ತಾರೆ ಎಂದೇ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. “ನಿನ್ನ ಮೊಣಕಾಲಿಗೆ ಮಣ್ಣು ಹಾಕ!” ಎಂದರು ಕೊನೆಗೆ, ಒಳಗಿನ ಹೆಂಗಸರಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ. “ವಾರಕ್ಕೆ ಒಂದು ಹಂಡೆ ಬೇಳೆ. ಹತ್ತೊಂಬತ್ತು ವರ್ಷ. ಒಂದು ಮಾತು ಹೇಳೋಕೆ ಆಗಲಿಲ್ವಾ ನಿನಗೆ? ಇಂಗ್ಲಿಷ್ ಕಲಿತೆಯಂತೆ, ನಮ್ಮ ಭಾಷೇಲಿ ಕಾಲು ನೋಯ್ತಿದೆ ಅನ್ನೋಕೆ ಬರಲಿಲ್ಲ.”

ಇದೇ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೆ. ನಮೂನೆಯ ವಿಷಯವನ್ನೂ ಹೇಳಿದೆ. ಅಲ್ಲ ಎಂದು ಬರೆದರೆ ಬಯ್ಯೂಮಿ ಊರ ಕಬರಸ್ತಾನಕ್ಕೆ ಹೋಗುತ್ತಾನೆ, ಗುಮ್ಮಟ ಇರುವುದಿಲ್ಲ ಎಂದೆ.

ಅವರು ಮತ್ತೆ ಸೌಟು ತಿರುಗಿಸಲು ಶುರು ಮಾಡಿದರು. “ಕಬರಸ್ತಾನದಲ್ಲಿ ಅವನ ಅಮ್ಮ ಇದಾಳೆ. ಪಕ್ಕದಲ್ಲಿ ಜಾಗ ಇದೆ. ಅಲ್ಲೇ ಮಲಗಬೇಕು ಅಂತಿದ್ದ, ಅದನ್ನ ಯಾರು ಕೇಳಿದ್ರು? ಹೋಗಿ ಹಾಗೇ ಬರಿ ರಿಫಾತ್. ಗುಮ್ಮಟ ಹೋದ್ರೆ ದೀಪ ಹಚ್ಚೋ ಮಾತಿಲ್ಲ. ನಾನು ಮಗಳ ಮನೆಗೆ ಹೋಗ್ತೀನಿ. ಹೆರಿಗೆ ಮುಂದಿನ ತಿಂಗಳು.”

“ಊರವರು ಒಪ್ತಾರಾ?”

“ನೀನು ಹೇಳು. ಒಂದು ಸಲ ಬಾಯಿ ತುಂಬ ಹೇಳು, ಒಪ್ಪದೆ ಎಲ್ಲಿಗೆ ಹೋಗ್ತಾರೆ?”

ಅಲ್ಲಿಂದ ಹೊರಡುವಾಗ ನನಗೆ ಹಗುರವೇನೂ ಆಗಲಿಲ್ಲ. ಇಷ್ಟು ದಿನ ನನ್ನ ಮನಸ್ಸಾಕ್ಷಿ ಒಂದೇ ಭಾರವಾಗಿತ್ತು, ಈಗ ಆಕೆಯ ಪ್ರಯಾಣವೂ ನನ್ನ ಬಾಯಿಯ ಮೇಲೆ ನಿಂತಿತು.

ಭಾನುವಾರ ಬೆಳಿಗ್ಗೆ ಹಾಝಿಮ್ ಅವರ ಕೋಣೆಯಲ್ಲಿ ಸೇರಿದೆವು. ಊರ ಮುಖ್ಯಸ್ಥ ಹಾಜಿ ಮೆತ್ವಲ್ಲಿ ಜಪಮಾಲೆ ಹಿಡಿದು ಕಿಟಕಿಯ ಪಕ್ಕ ಕೂತಿದ್ದರು. ಶೇಖ್ ಶೌಕಿ ಹೊಸದಾಗಿ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ ಬಂದಿದ್ದರು, ಕಬ್ಬಿನ ವಾಸನೆ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಹಾಝಿಮ್ ನಮೂನೆಯನ್ನು ಮೇಜಿನ ಮೇಲೆ ಹರಡಿ, “ಹದಿನಾಲ್ಕನೇದು ಒಂದು ಉಳಿದಿದೆ. ಉಸ್ತಾದ್ ರಿಫಾತ್ ಏನೋ ಹೇಳಬೇಕಂತೆ” ಎಂದರು.

ನಾನು ಎದ್ದು ನಿಂತೆ. ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಅದನ್ನು ಜೇಬಿನಲ್ಲೇ ಬಿಟ್ಟು ಹಾಗೆಯೇ ಹೇಳಿದೆ. ಹೆಣದ ಮಂಚ ತಾನಾಗಿ ನಿಲ್ಲಲಿಲ್ಲ. ನಿಂತದ್ದು ನನ್ನ ಬಲ ಮೊಣಕಾಲು. ಹಿಂದಿನ ದಿನ ಬಸ್ಸಿನಿಂದ ಬಿದ್ದಿದ್ದೆ. ನಾಚಿಕೆಯಿಂದ ಹೇಳಲಿಲ್ಲ. ನನ್ನ ತಪ್ಪಿನಿಂದ ಒಬ್ಬ ಒಳ್ಳೆಯ ಇಸ್ತ್ರಿಯವನನ್ನು ದಾರಿಯ ಬದಿಯಲ್ಲಿ ಹೂಳಿದಿರಿ. ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ.

ಹಾಜಿ ಮೆತ್ವಲ್ಲಿಯ ಜಪಮಾಲೆ ನಿಂತಿತು. ಹಾಝಿಮ್ ಲೋಟ ಕೆಳಗಿಟ್ಟರು. ಶೇಖ್ ಶೌಕಿ ನಿಧಾನವಾಗಿ ಎದ್ದು ನನ್ನ ಹತ್ತಿರ ಬಂದರು. ಅವರ ಗಡ್ಡ ಅಲುಗುತ್ತಿತ್ತು. ಸಿಟ್ಟೆಂದುಕೊಂಡೆ. ಅವರು ಅಳುತ್ತಿದ್ದರು.

“ಸುಬ್‌ಹಾನಲ್ಲಾ. ಹತ್ತೊಂಬತ್ತು ವರ್ಷ ಇದನ್ನ ಎದೆಯೊಳಗೆ ಇಟ್ಕೊಂಡಿದ್ದೆಯಾ ರಿಫಾತ್?”

“ಹೌದು. ತಪ್ಪಾಯ್ತು.”

“ನಾವೆಲ್ಲ ಹೆಣ ಭಾರ ಆಯ್ತು ಅಂತ ತಿಳ್ಕೊಂಡಿದ್ವಿ. ಸುಮ್ನೆ ಭಾರ ಅಂತ! ಸೀದಿ ಬಯ್ಯೂಮಿ ನಿನ್ನ ಕಾಲನ್ನೇ ಹಿಡ್ಕೊಂಡಿದ್ರು ಅಂತ ಯಾರಿಗೆ ಗೊತ್ತಿತ್ತು!”

“ಹಿಡಿದದ್ದಲ್ಲ ಶೇಖ್. ಊದಿತ್ತು. ನಾನು ಬಸ್ಸಿಂದ ಬಿದ್ದಿದ್ದೆ.”

“ಬೀಳಿಸಿದ್ದು ಯಾರು?”

“ಡ್ರೈವರ್ ನಿಲ್ಲಿಸೋ ಮೊದಲೇ ನಾನೇ ಇಳಿದೆ.”

“ಇಳೀಬೇಕು ಅಂತ ನಿನಗೆ ಅನಿಸಿದ್ದಾದ್ರೂ ಯಾಕೆ? ದಿನಾ ಹಾಗೆ ಇಳೀತಿದ್ಯಾ?”

“ಇಲ್ಲ. ಆವತ್ತು ತಡ ಆಗಿತ್ತು.”

“ನೋಡಿ” ಎಂದು ಶೌಕಿ ಇತರರ ಕಡೆ ತಿರುಗಿ ಎರಡೂ ಕೈ ಚಾಚಿದರು.

ಹಾಜಿ ಮೆತ್ವಲ್ಲಿ ಗಂಟಲು ಸರಿಪಡಿಸಿಕೊಂಡರು. “ರಿಫಾತ್ ಬಿದ್ದಿದ್ದು ಹಿಂದಿನ ಸಂಜೆ. ಬಯ್ಯೂಮಿ ಹೋಗಿದ್ದು ಬೆಳಗಿನ ಜಾವ. ಅಂದ್ರೆ ಸಾಯೋಕೆ ಮುಂಚೇನೇ ಜಾಗ ಗೊತ್ತು ಮಾಡ್ಕೊಂಡಿದ್ದ” ಎಂದರು. ಆ ಮಾತಿಗೆ ಅವರಿಗೇ ಮೈ ಜುಮ್ಮೆಂದಿರಬೇಕು, ತೋಳನ್ನು ಉಜ್ಜಿಕೊಂಡರು.

“ಹಾಜಿಗಳೇ, ದಯವಿಟ್ಟು” ಎಂದೆ. “ಉಮ್ಮು ನಜ್ಲಾ ಅವರೂ ಸ್ಥಳಾಂತರಕ್ಕೆ ಒಪ್ಪಿದಾರೆ. ಅವರ ಅತ್ತೆಯ ಪಕ್ಕ ಜಾಗ ಇದೆಯಂತೆ.”

“ಪಾಪ, ದುಃಖದಲ್ಲಿ ಏನೋ ಅಂದಿದಾರೆ” ಎಂದರು ಶೌಕಿ. ಬಗ್ಗಿ, ನಾನು ತಡೆಯುವ ಮೊದಲೇ, ನನ್ನ ಬಲ ಮೊಣಕಾಲನ್ನು ಪ್ಯಾಂಟಿನ ಮೇಲಿಂದಲೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ನಾನು ಹಾಝಿಮ್ ಕಡೆ ನೋಡಿದೆ. ಓದಿದವರು, ನನ್ನ ಪರ ನಿಲ್ಲುತ್ತಾರೆ ಎಂಬ ಆಸೆ ಇತ್ತು. ಅವರು ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದರು. ಉಳಿದಿಬ್ಬರು ಸಹಿ ಮಾಡಿ ಹೋದ ಮೇಲೆ ನನ್ನನ್ನು ಕೂರಿಸಿ ಚಹಾ ತರಿಸಿದರು.

“ನಾನು ನಿಮ್ಮನ್ನ ನಂಬ್ತೀನಿ” ಎಂದರು. “ಆದ್ರೆ ಆ ಗುಮ್ಮಟಕ್ಕೆ ಕೈ ಹಾಕಿದ್ರೆ ಇಲ್ಲಿ ಪೊಲೀಸು, ಜನ, ಗಲಾಟೆ. ಮೂರು ಮೀಟರ್ ತಿರುವಿಗೆ ನನಗೆ ಅರ್ಧ ದಿನದ ಕೆಲಸ. ಹೌದು ಅಂತ ಬರೀರಿ ಉಸ್ತಾದ್. ದಣಿದಿದೀರಿ. ಬರೆದು ಮನೆಗೆ ಹೋಗಿ.”

ಬರೆದೆ. ‘ಸೇಂಟ್’ ಎಂಬಲ್ಲಿ ಹೌದು. ಊರವರು ಬಳಸುವ ಪದ: ವಲಿ. ಆಧಾರ ಎಂಬಲ್ಲಿ ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದು, ‘ಹೊತ್ತವರಲ್ಲಿ ಒಬ್ಬನ ಮೊಣಕಾಲು ಹಿಪ್ಪುನೇರಳೆ ಮರದ ಹತ್ತಿರ ನಿಂತುಹೋಯಿತು’ ಎಂದು ಬರೆದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೋದ ಇಬ್ಬರಿಗೂ, ಹಾಝಿಮ್‌ಗೂ ಒಪ್ಪಿಗೆಯಾಗುವ ಮಾತು ಅದು. ಸಹಿ ಹಾಕಿದೆ.

ಸಂಜೆಯೊಳಗೆ ಸುದ್ದಿ ಊರು ತುಂಬಿತ್ತು. ಬೇಯಿಸಿದ ಫೂಲ್ ಕಾಳು ಮಾರುವ ಅಂಗಡಿಯವನು ನನ್ನನ್ನು ಸಾಲಿನ ಮುಂದಕ್ಕೆ ಕರೆದ. ದಾರಿಯಲ್ಲಿ ಒಬ್ಬ ಮುದುಕಿ ತನ್ನ ಕರವಸ್ತ್ರವನ್ನು ನನ್ನ ಮೊಣಕಾಲಿಗೆ ಒರೆಸಿಕೊಂಡು, ಅದನ್ನು ಮಡಚಿ ಎದೆಯೊಳಗೆ ಇಟ್ಟುಕೊಂಡಳು. ಬೇಡಮ್ಮಾ ಎಂದೆ. “ಇರ್ಲಿ ಮಗಾ, ನನ್ನ ಗಂಡನ ಕಾಲಿಗೆ” ಎಂದಳು. ಆಕೆಯ ಹತ್ತಿರ ವಾದ ಮಾಡಲು ನನ್ನಲ್ಲಿ ಶಕ್ತಿ ಇರಲಿಲ್ಲ.

ಹಿಪ್ಪುನೇರಳೆ ತಿರುವಿಗೆ ಹೋದಾಗ ಇನ್ಸಾಫ್ ಕೋಣೆಯ ಹೊಸ್ತಿಲಲ್ಲಿ ಕೂತಿದ್ದರು. ಹಿಂದೆ, ಮಂಚದ ಮೇಲೆ, ಮಡಚಿದ ಬಟ್ಟೆಗಳು ಮತ್ತು ಹಗ್ಗ ಕಟ್ಟಿದ ಒಂದು ಪೆಟ್ಟಿಗೆ.

“ಕೇಳಿದೆ” ಎಂದರು ಅವರು. “ಶೌಕಿ ಬಂದಿದ್ದ. ಉತ್ಸವಕ್ಕೆ ಇನ್ನೊಂದು ದಿನ ಸೇರಿಸ್ತಾನಂತೆ, ಮೊಣಕಾಲಿನ ದಿನ.”

“ನಾನು ಹೇಳಿದೆ ಉಮ್ಮು ನಜ್ಲಾ. ಬಾಯಿ ತುಂಬ ಹೇಳಿದೆ.”

“ಹೇಳಿದೀಯ. ಹತ್ತೊಂಬತ್ತು ವರ್ಷ ತಡ. ಆವತ್ತು ಹೇಳಿದ್ರೆ ಅದು ಮೊಣಕಾಲಾಗೇ ಇರ್ತಿತ್ತು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸಿಕೊಳ್ಳುತ್ತಿದ್ದೆ. “ಹಗ್ಗ ಬಿಚ್ಚಬೇಕು. ನಾಳೆ ಬಿಚ್ತೀನಿ. ಇವತ್ತು ಕೈ ಬರ್ತಾ ಇಲ್ಲ.”

ನಾನು ಅವರ ಎದುರಿಗೆ ನೆಲದ ಮೇಲೆ ಕೂತೆ. ಮುಂದಿನ ಮಾತನ್ನು ಯೋಚಿಸಿ ಆಡಿದೆನೆಂದು ಹೇಳಲಾರೆ. ಯೋಚಿಸಿದ್ದರೆ ಬಹುಶಃ ಆಡುತ್ತಿರಲಿಲ್ಲ, ಅದು ನನ್ನ ಸ್ವಭಾವ.

“ಬಿಚ್ಚಬೇಡಿ. ನೀವು ಹೋಗಿ. ನಾನು ಕೂರ್ತೀನಿ ಇಲ್ಲಿ.”

“ನೀನಾ? ಕಚೇರಿ?”

“ನನ್ನ ರಜೆ ತುಂಬ ಉಳಿದಿದೆ. ಅದು ಮುಗಿಯೋ ಹೊತ್ತಿಗೆ ನಿವೃತ್ತಿ. ದೀಪ ಹಚ್ಚೋರು ಯಾರು ಅಂತ ತಾನೇ ಶೌಕಿ ಕೇಳೋದು? ಇವತ್ತು ನನ್ನ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ಕೊಂಡೋರು ನಾಳೆ ನನ್ನನ್ನ ಬೇಡ ಅನ್ನೋಕಾಗಲ್ಲ.”

ಇನ್ಸಾಫ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನಿನಗೆ ಬೇಳೆ ಬೇಯಿಸೋಕೆ ಬರುತ್ತಾ?”

“ಇಲ್ಲ.”

“ಅವನು ವಲಿ ಅಂತ ನಂಬಿಕೆ ಇದೆಯಾ?”

“ಇಲ್ಲ.”

“ನನಗೂ ಇರಲಿಲ್ಲ. ಅದಕ್ಕೇನೂ ತೊಂದರೆ ಆಗಲ್ಲ” ಎಂದು ಎದ್ದರು. “ಬಾ, ಹಂಡೆ ಎಲ್ಲಿ ಇಡ್ತೀನಿ ತೋರಿಸ್ತೀನಿ.”

ಶೌಕಿ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ತಾವೇ ಯೋಚಿಸಿದ್ದೆಂದು ಊರಿಗೆಲ್ಲ ಹೇಳಿಕೊಂಡರು. ರತೀಬಾ, “ಮನೇಲಿ ಕೂತು ನನ್ನ ತಲೆ ತಿನ್ನೋದಕ್ಕಿಂತ ಅಲ್ಲೇ ಕೂತ್ಕೊಳ್ಳಿ. ಊಟದ ಹೊತ್ತಿಗೆ ಬನ್ನಿ” ಎಂದಳು. ಬುಧವಾರ ಬೆಳಿಗ್ಗೆ ಇನ್ಸಾಫ್ ಮೈಕ್ರೋಬಸ್ ಹತ್ತಿದರು. ಉಪ್ಪು ಕೊನೆಗೆ ಹಾಕು, ಜೀರಿಗೆ ಹುರಿದು ಹಾಕು, ಹಣ ಕೊಟ್ಟು ಮಗು ಕೇಳೋರಿಗೆ ಹಣ ವಾಪಸ್ ಕೊಡು, ಯಾರಾದರೂ ತಲೆ ಚಚ್ಚಿಕೊಂಡರೆ ನೀರು ಕೊಡು ಎಂದು ಕಿಟಕಿಯಿಂದ ಹೇಳುತ್ತಲೇ ಇದ್ದರು. ಬಸ್ಸು ಹೊರಟಾಗ ಗುಮ್ಮಟದ ಕಡೆ ತಿರುಗಿ ನೋಡಿದರೋ ಇಲ್ಲವೋ ನನಗೆ ಕಾಣಲಿಲ್ಲ. ಅವರ ಮಡಿಲಲ್ಲಿ ಪೆಟ್ಟಿಗೆ ಇತ್ತು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು.

ಮರುದಿನ ನನ್ನ ಮೊದಲ ಗುರುವಾರ. ಬೇಳೆ ಒಂದು ಕಡೆ ಗಂಜಿ, ಒಂದು ಕಡೆ ಕಲ್ಲು. ಬಂದ ಹೆಂಗಸರು ಹರಕೆಯ ಊಟವೆಂದು ಮಾತಾಡದೆ ನುಂಗಿದರು. ಎಲ್ಲರೂ ಹೋದ ಮೇಲೆ ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಂಗಸು ಉಳಿದಳು. ಬೇರೆ ಊರಿನವಳು, ಚಪ್ಪಲಿಯ ತುಂಬ ಧೂಳು. ಗೋರಿಯ ಹತ್ತಿರ ಹೋಗದೆ ನನ್ನ ಸ್ಟೂಲಿನ ಮುಂದೆ ಬಂದು ನಿಂತಳು.

“ಮಾವ, ಇವರು ನಿಜವಾಗ್ಲೂ ವಲಿಯಾ? ಎಷ್ಟೋ ಕಡೆ ಹೋಗಿ ಬಂದೆ. ಇವರು ಕೇಳಿಸ್ಕೋತಾರಾ?”

ನಾನು ಸಹಿ ಹಾಕಿ ಕಳಿಸಿದ್ದ ಕಾಗದ ಅಷ್ಟು ಹೊತ್ತಿಗೆ ಕೈರೋ ತಲುಪಿತ್ತು. ಹೌದು ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಅಲ್ಲ ಎನ್ನಲು ಅವಳ ಚಪ್ಪಲಿ ನೋಡಿ ಮನಸ್ಸಾಗಲಿಲ್ಲ.

“ನನಗೆ ಗೊತ್ತಿಲ್ಲಮ್ಮಾ. ಒಳ್ಳೆ ಇಸ್ತ್ರಿ ಮಾಡ್ತಿದ್ದ. ನೀನು ಹೇಳು, ನಾನಂತೂ ಕೇಳಿಸ್ಕೋತೀನಿ.”

ಅವಳು ನೆಲದ ಮೇಲೆ ಕೂತು ಹೇಳಲು ಶುರು ಮಾಡಿದಳು. ಬಹಳ ಹೊತ್ತು ಹೇಳಿದಳು. ಹಂಡೆಯಲ್ಲಿ ಉಳಿದ ಬೇಳೆ ತಳ ಹಿಡಿಯುವ ವಾಸನೆ ಬಂದರೂ ನಾನು ಏಳಲಿಲ್ಲ. ಏಳುವುದು ನನಗೀಗ ಅಷ್ಟು ಸುಲಭವೂ ಅಲ್ಲ.